ಎಡವಿದವರ ನಿಘಂಟು

ನಾನು ಪಿ.ಯು.ಸಿ. ಓದುತ್ತಿದ್ದಾಗಿನ ಒಂದು ಪ್ರಸಂಗದಿಂದ ಈ ಲೇಖನವನ್ನು ಆರಂಭಿಸುತ್ತಿದ್ದೇನೆ, ವಾಚಕರು ಕ್ಷಮಿಸಬೇಕು. ಹಳ್ಳಿಯ ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿ ಜಿಲ್ಲಾ ಕೇಂದ್ರದ ಕಾಲೇಜೊಂದಕ್ಕೆ ಸೇರಿದ್ದೆ. ವಾಸ ಸೋದರಮಾವನ ಮನೆಯಲ್ಲಿ. ಎರಡು ಹೊತ್ತಿನ ಊಟ, ಹಾಸಲು ಒಂದು ಚಾಪೆ, ಓದಲು ಪಡಸಾಲೆಯ ದೀಪ. ಮಾವನ ಮಗನೂ ನನ್ನ ತರಗತಿಯಲ್ಲಿಯೇ ಇದ್ದ. ಒಂದು ದಿನ ಇಂಗ್ಲಿಷ್ ಅಧ್ಯಾಪಕರು ಹಲಗೆಯ ಮೇಲೆ ಒಂದು ವಾಕ್ಯ ಬರೆದು, ಕನ್ನಡದಲ್ಲಿ ಅರ್ಥ ಹೇಳುವಂತೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ‘ಐ ಕೆನಾಟ್ ಪುಟ್ ಅಪ್ ವಿತ್ ಮೈ ಅಂಕಲ್’ ಎಂಬುದು ಆ ವಾಕ್ಯ.

ಅದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಅಷ್ಟೇ ಅಲ್ಲ, ‘ಪುಟ್ ಅಪ್’ ಎಂದರೇನೆಂಬುದೂ ಗೊತ್ತಿತ್ತು. ಪೇಟೆಗೆ ಬಂದ ಹೊಸತರಲ್ಲಿ ನಾಲ್ಕು ಜನ ದೊಡ್ಡವರು ‘ವೇರ್ ಆರ್ ಯು ಪುಟ್ ಅಪ್?’ ಎಂದು ನನ್ನನ್ನೇ ಕೇಳಿದ್ದರು. ಎಲ್ಲಿ ಇಳಿದುಕೊಂಡಿದ್ದೀಯೆ ಎಂದು ಅದರ ಅರ್ಥ. ‘ನಾನು ಮಾವನ ಮನೆಯಲ್ಲಿ ಇಳಿದುಕೊಳ್ಳಲಾರೆ’ ಎಂದು ಧೈರ್ಯವಾಗಿ ಹೇಳಿದೆ. ಮೊದಲು ನಕ್ಕವರು ಅಧ್ಯಾಪಕರು, ಆಮೇಲೆ ತರಗತಿಯೆಲ್ಲ. ವರ್ಷ ಮುಗಿಯುವವರೆಗೂ ನನಗೆ ‘ಪುಟಪ್ಪ’ ಎಂಬ ಹೆಸರು ಉಳಿಯಿತು. ಪುಟ್ಟಪ್ಪ ಆಗಿದ್ದರೆ ಕನ್ನಡ ಎಂ.ಎ. ಮಾಡುವವನಿಗೆ ಅದೊಂದು ಗೌರವವೇ ಆಗುತ್ತಿತ್ತು!

ಮಾವನ ಮಗ ಈ ಸುದ್ದಿಯನ್ನು ರಾತ್ರಿಯ ಊಟಕ್ಕೆ ಮುಂಚೆಯೇ ಮನೆಗೆ ಮುಟ್ಟಿಸಿದ್ದ. ಎಲೆಯ ಮುಂದೆ ಕುಳಿತ ನನಗೆ ಅನ್ನ ಇಳಿಯಲಿಲ್ಲ. ಅವರ ಋಣದ ಅನ್ನ ಉಣ್ಣುತ್ತಾ, ಅವರ ಮನೆಯಲ್ಲಿ ಇರಲಾರೆ ಎಂದು ನಲವತ್ತು ಜನರ ಮುಂದೆ ಹೇಳಿದ್ದೆನಲ್ಲ! ಮಾವ ಎಲ್ಲವನ್ನೂ ಕೇಳಿ, ‘ಸರಿಯಾದ ಅರ್ಥ ಏನಂತೋ?’ ಎಂದರು. ‘ಸಹಿಸಲಾರೆ ಅಂತ, ಮಾವ’ ಎಂದೆ. ‘ನೀನು ಹೇಳಿದ್ದರಲ್ಲಿ ತಪ್ಪೇನು ಬಂತು? ಸಹಿಸೋಕೆ ಆಗದವನ ಮನೆಯಲ್ಲಿ ಯಾವನು ಇಳಿದುಕೊಳ್ತಾನೆ? ಸಾರು ಹಾಕಿಸ್ಕೋ’ ಎಂದರು. ಆ ಮಾತಿನಿಂದ ಅಂದಿನ ಊಟವೇನೋ ಸಾಂಗವಾಯಿತು. ಆದರೆ ತರಗತಿಯ ನಗು ಬಹಳ ವರ್ಷ ಕಿವಿಯಲ್ಲಿಯೇ ಇತ್ತು.

ಆ ನಗುವಿಗೆ ಒಂದು ಚರಿತ್ರೆಯಿದೆ ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಡಾಕ್ಟರ್ ಜಾನ್ಸನ್ನನ ನಿಘಂಟಿನ ಮುನ್ನುಡಿಯನ್ನು ಓದಿದಾಗ. ನುಡಿಗಟ್ಟೆಂದರೆ ‘ಬೆಕ್ಕು ನಾಯಿಗಳ ಮಳೆ’, ‘ಬಕೆಟ್ಟನ್ನು ಒದೆಯುವುದು’ ಎಂಬಂಥವು ಮಾತ್ರವೆಂದು ನಾವು ತಿಳಿಯುತ್ತೇವೆ. ನಿಜವಾಗಿ ಅವುಗಳಿಂದ ಕಲಿಯುವವನಿಗೆ ತೊಂದರೆ ಕಡಮೆ. ಆಕಾಶದಿಂದ ನಾಯಿ ಬೀಳುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದ ಇಲ್ಲೇನೋ ಬೇರೆ ಅರ್ಥವಿದೆಯೆಂದು ಕೂಡಲೇ ಎಚ್ಚರಗೊಂಡು ಯಾರನ್ನಾದರೂ ಕೇಳುತ್ತೇವೆ. ಹತ್ತು ತಲೆಯ ರಾವಣನೇ ಬಂದಿದ್ದರೆ ಸೀತೆ ಗೆರೆ ದಾಟುತ್ತಿರಲಿಲ್ಲ. ಅಪಾಯವಿರುವುದು ಸಂನ್ಯಾಸಿಯ ವೇಷದಲ್ಲಿ. ಪುಟ್, ಟೇಕ್, ಗೆಟ್, ಕಮ್ ಎಂಬ ಬಡ ಕ್ರಿಯಾಪದಗಳು ಅಪ್, ಆಫ್, ಔಟ್, ಇನ್ ಎಂಬ ಅದಕ್ಕಿಂತ ಬಡ ತುಂಡುಗಳನ್ನು ಜೊತೆಗೆ ಕರೆದುಕೊಂಡು ಭಿಕ್ಷಾಂದೇಹಿ ಎಂದು ಬಾಗಿಲಿಗೆ ಬರುತ್ತವೆ. ಇಡುವುದೆಂಬ ಅರ್ಥದ ಒಂದೇ ‘ಪುಟ್’ ಆಫ್ ಜೊತೆಗೆ ಮುಂದೂಡುತ್ತದೆ, ಔಟ್ ಜೊತೆಗೆ ದೀಪ ಆರಿಸುತ್ತದೆ, ಆನ್ ಜೊತೆಗೆ ಅಂಗಿ ತೊಡುತ್ತದೆ, ಅಪ್ ಮತ್ತು ವಿತ್ ಎರಡೂ ಕೂಡಿದರೆ ಸಹಿಸಿಕೊಳ್ಳುತ್ತದೆ.

ಇದನ್ನು ಮೊದಲಿಗೆ ಸ್ಪಷ್ಟವಾಗಿ ಕಂಡವರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಒಬ್ಬ. 1755ರಲ್ಲಿ ಲಂಡನ್ನಿನಲ್ಲಿ ಹೊರಬಂದ ಅವನ ಇಂಗ್ಲಿಷ್ ನಿಘಂಟಿನಲ್ಲಿ 42,000ಕ್ಕೂ ಮಿಕ್ಕಿ ಪದಗಳಿವೆ. ಮುನ್ನುಡಿಯಲ್ಲಿ ಅವನು ಈ ಕ್ರಿಯಾಪದ ಮತ್ತು ತುಂಡುಗಳ ಕೂಟವನ್ನು ಪ್ರತ್ಯೇಕವಾಗಿ ಎತ್ತಿಕೊಂಡು, ಪರದೇಶದವರಿಗೆ ಅತ್ಯಂತ ಕಷ್ಟ ಕೊಡುವುದು ಇದೇ ಎಂದು ಹೇಳುತ್ತಾನೆ. ಅವರಿಗಾಗಿ ತಾನು ಇಂಥವುಗಳನ್ನು ಶ್ರಮವಹಿಸಿ ಕೂಡಿಸಿರುವೆನೆಂದೂ, ಇನ್ನು ಮುಂದೆ ಇದು ದಾಟಲಾರದ ಅಡ್ಡಿಯಾಗಿ ಉಳಿಯದೆಂದೂ ಭರವಸೆ ಕೊಡುತ್ತಾನೆ. ‘ಟೇಕ್’ ಎಂಬ ಒಂದು ಪದಕ್ಕೇ ಅವನು ನೂರಕ್ಕೂ ಹೆಚ್ಚು ಅರ್ಥಗಳನ್ನು ಬಿಡಿಸಿಟ್ಟ. ‘ಪುಟ್ ಅಪ್’ ಅಡಿಯಲ್ಲಿ, ಸೇಡು ತೀರಿಸಿಕೊಳ್ಳದೆ ಬಿಟ್ಟುಬಿಡುವುದು ಎಂಬ ಅರ್ಥವನ್ನೂ ಕೊಟ್ಟಿದ್ದಾನೆ. ನಾವು ತಪ್ಪನ್ನು ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎನ್ನುತ್ತೇವಲ್ಲ, ಸುಮಾರು ಅದೇ. ನನ್ನ ಅಧ್ಯಾಪಕರು ಅಂದು ಇಷ್ಟು ಹೇಳಿದ್ದರೆ ಸಾಕಾಗಿತ್ತು. ಇಂಗ್ಲಿಷರ ಮನೆಯ ಮಗುವಿಗೆ ಇದಾವುದೂ ಕಾಣುವುದಿಲ್ಲ. ನಾವು ದಿನವೂ ತುಳಿಯುವ ಹೊಸಿಲಿನ ಎತ್ತರ ನಮಗೆ ತಿಳಿಯುವುದಿಲ್ಲವಷ್ಟೆ. ಹೊಸಬ ಎಡವಿದಾಗಲೇ ಅಲ್ಲೊಂದು ಹೊಸಿಲಿದೆಯೆಂದು ಮನೆಯವರಿಗೂ ಗೊತ್ತಾಗುವುದು. ಜಾನ್ಸನ್ನನಿಗೂ ಪರದೇಶಿಯ ಕಾಲಿನಿಂದಲೇ ಅದು ಕಂಡಿತು.

ಅವನ ಭರವಸೆ ಫಲಿಸಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನೂರು ವರ್ಷಗಳೊಳಗೆ ಅವನು ಊಹಿಸದಷ್ಟು ಪರದೇಶಿಗಳು ಇಂಗ್ಲಿಷ್ ಕಲಿಯುವವರಾದರು. ಮೆಕಾಲೆಯ ಟಿಪ್ಪಣಿ 1835ರದು. 1857ರಲ್ಲಿ ಕಲಕತ್ತಾ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾನಿಲಯಗಳು ಹುಟ್ಟಿದವು. ಈ ಕಾಲೇಜುಗಳ ತರುಣರು ಇಂಗ್ಲಿಷನ್ನು ಸಂತೆಯಲ್ಲಿ ಕೇಳಿದವರಲ್ಲ, ಅಡಿಗೆಮನೆಯಲ್ಲಿ ಕೇಳಿದವರಲ್ಲ, ಪುಸ್ತಕದಲ್ಲಿ ಕಂಡವರು. ಮಿಲ್ಟನ್ನನ ಪದವೂ ನಾವಿಕನ ಪದವೂ ಒಂದೇ ಅಚ್ಚಿನಲ್ಲಿ, ಒಂದೇ ಹಾಳೆಯ ಮೇಲೆ ಅವರಿಗೆ ಸಿಕ್ಕಿದವು. ಯಾವುದು ಮದುವೆಮನೆಯ ಮಾತು, ಯಾವುದು ಸಾವಿನಮನೆಯ ಮಾತು, ಯಾವುದು ಹೆಂಡದಂಗಡಿಯ ಮಾತು ಎಂದು ಅಚ್ಚು ಹೇಳುವುದಿಲ್ಲ.

1873ರಲ್ಲಿ ಕಲಕತ್ತೆಯಲ್ಲಿ ಒಂದು ಚಿಕ್ಕ ಪುಸ್ತಕ ಅಚ್ಚಾಯಿತು. ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಅನುಕೂಲ್ ಚಂದ್ರ ಮುಖರ್ಜಿಯವರ ಜೀವನಚರಿತ್ರೆ. ಬರೆದವರು ಅವರ ‘ನೆಫ್ಯೂ’. ಅಣ್ಣತಮ್ಮಂದಿರ ಮಗನೋ ಅಕ್ಕತಂಗಿಯರ ಮಗನೋ ಎಂಬುದನ್ನು ಈ ಇಂಗ್ಲಿಷ್ ಪದ ಹೇಳುವುದಿಲ್ಲ, ನನ್ನ ‘ಅಂಕಲ್’ ಹೇಗೆ ಮಾವನೋ ಚಿಕ್ಕಪ್ಪನೋ ತಿಳಿಯದಂತಿದ್ದನೋ ಹಾಗೆ. ತೀರಿಹೋದ ಹಿರಿಯರ ಮೇಲಿನ ಅಭಿಮಾನದಿಂದ ಬರೆದ ಈ ಪುಸ್ತಕದ ತುಂಬ ಇಂಗ್ಲಿಷ್ ನುಡಿಗಟ್ಟುಗಳು, ಮದುವೆಮನೆಯ ತೋರಣದ ಹಾಗೆ ಒತ್ತೊತ್ತಾಗಿ. ಕಲಕತ್ತೆಯ ವೈದ್ಯರೆಲ್ಲ ಎಷ್ಟು ಪ್ರಯತ್ನಪಟ್ಟರೂ ಕೊನೆಗೆ ಅದು ಟಗರಿನ ಹಾಲು ಕರೆದಂತಾಯಿತು ಎಂಬರ್ಥದ ಮಾತೊಂದು ಮರಣದ ಸನ್ನಿವೇಶದಲ್ಲಿಯೇ ಬರುತ್ತದೆ. ಇಂಗ್ಲೆಂಡಿನಲ್ಲಿ ಈ ಪುಸ್ತಕವನ್ನು ಹೊಟ್ಟೆ ಹಿಡಿದುಕೊಂಡು ನಕ್ಕು ಓದಿದರು. ಒಬ್ಬ ತರುಣನ ದುಃಖ ಸಮುದ್ರದಾಚೆ ಹಾಸ್ಯವಾಯಿತು.

ಇಲ್ಲೊಂದು ಮಾತನ್ನು ಹೇಳಲೇಬೇಕು. ಹೋರಿಯ ಹಾಲು ಕರೆಯಹೊರಟವರ ಮಾತು ಜಾನ್ಸನ್ನನ ಬಾಯಲ್ಲೂ ಬಂದಿದೆ. ಸತ್ಯವೆಂಬ ಹಸು ಈ ಸಂಶಯವಾದಿಗಳಿಗೆ ಸಾಕಾಗುವಷ್ಟು ಹಾಲು ಕೊಡುವುದಿಲ್ಲ, ಅದಕ್ಕೇ ಹೋರಿಯ ಹಾಲು ಕರೆಯಲು ಹೋಗಿದ್ದಾರೆ ಎಂಬ ಅರ್ಥದಲ್ಲಿ ಅವನು 1763ರಲ್ಲಿ ಚಟಾಕಿ ಹಾರಿಸಿದ್ದನ್ನು ಬಾಸ್‌ವೆಲ್ ತನ್ನ ಜೀವನಚರಿತ್ರೆಯಲ್ಲಿ ಭಕ್ತಿಯಿಂದ ಬರೆದಿಟ್ಟಿದ್ದಾನೆ. ಲಂಡನ್ನಿನಲ್ಲಿ ಆಡಿದರೆ ಚಾತುರ್ಯ, ಕಲಕತ್ತೆಯಲ್ಲಿ ಬರೆದರೆ ‘ಬಾಬು ಇಂಗ್ಲಿಷ್’! ಸಾವಿನ ಸಂದರ್ಭಕ್ಕೆ ಆ ಮಾತು ಹೊಂದುವುದಿಲ್ಲವೆಂಬುದು ನಿಜ. ಆದರೆ ಹೊಂದುವುದಿಲ್ಲವೆಂದು ಆ ತರುಣನಿಗೆ ಹೇಳಬಲ್ಲ ಪುಸ್ತಕ ಆಗ ಎಲ್ಲಿತ್ತು?

ಅದು ಸಿದ್ಧವಾದದ್ದು ಸ್ವಲ್ಪ ತಡವಾಗಿ, ಅದೂ ಬೇರೆ ದೇಶದಲ್ಲಿ. 1891ರಲ್ಲಿ ಲಂಡನ್ನಿನಲ್ಲಿ ಎರಡು ಪುಸ್ತಕಗಳು ಪ್ರಕಟವಾದವು. ಒಂದು, ಆರ್ನಾಲ್ಡ್ ರೈಟ್ ಎಂಬಾತ ಭಾರತದ ಪತ್ರಿಕೆಗಳಲ್ಲಿನ ವಿಚಿತ್ರ ಇಂಗ್ಲಿಷನ್ನು ವಿನೋದಕ್ಕಾಗಿ ಆಯ್ದು ಕೊಟ್ಟ ‘ಬಾಬು ಇಂಗ್ಲಿಷ್ ಆಸ್ ಟಿಸ್ ರಿಟ್’. ಇನ್ನೊಂದು, ಜೇಮ್ಸ್ ಮೇನ್ ಡಿಕ್ಸನ್ನನ ಇಂಗ್ಲಿಷ್ ನುಡಿಗಟ್ಟುಗಳ ನಿಘಂಟು. ಒಂದೇ ಊರು, ಒಂದೇ ವರ್ಷ. ಕಲಿಯುವವನು ಎಡವಿದ್ದನ್ನು ಒಬ್ಬ ನಗೆಗೆ ಬಳಸಿಕೊಂಡ, ಇನ್ನೊಬ್ಬ ಹೊಸಿಲಿಗೆ ದೀಪ ಇಟ್ಟ. ಮೊದಲನೆಯವನಿಗೆ ಸಂತತಿ ಬೆಳೆಯಿತು. 1897ರಲ್ಲಿ ಎಫ್. ಆನ್‌ಸ್ಟೆ ‘ಬಾಬು ಜಬ್ಬರ್ಜಿ, ಬಿ.ಎ.’ ಎಂಬ ಕಾದಂಬರಿಯನ್ನೇ ಬರೆದ. ಹೆಸರಿನ ಮುಂದಿನ ಬಿ.ಎ. ಕೂಡ ಅಲ್ಲಿ ನಗೆಚಾಟಿಕೆಯೇ. ನನಗೆ ಹೆಚ್ಚು ಕುತೂಹಲ ಎರಡನೆಯವನ ಬಗ್ಗೆ.

ಡಿಕ್ಸನ್ ಸ್ಕಾಟ್ಲೆಂಡಿನವನು. 1880ರ ಸುಮಾರಿಗೆ ಜಪಾನಿಗೆ ಹೋಗಿ ಟೋಕಿಯೋದಲ್ಲಿ ಸರ್ಕಾರದ ಎಂಜಿನಿಯರಿಂಗ್ ಕಾಲೇಜಿನಲ್ಲೂ ಬಳಿಕ ಅಲ್ಲಿನ ವಿಶ್ವವಿದ್ಯಾನಿಲಯದಲ್ಲೂ ಇಂಗ್ಲಿಷ್ ಕಲಿಸಿದ. ಜಪಾನೀ ವಿದ್ಯಾರ್ಥಿಗಳಿಗೆಂದೇ ವಿಶೇಷವಾಗಿ ಸಿದ್ಧಪಡಿಸಿದ್ದೆಂದು ಹೇಳಿಕೊಂಡು ಅವನ ನಿಘಂಟು ಮೊದಲು ಟೋಕಿಯೋದಲ್ಲಿಯೇ 1887ರಲ್ಲಿ ಬಂತು. ಲಂಡನ್ನಿಗೆ ಹೋದದ್ದು ಆಮೇಲೆ. ಆ ಪುಸ್ತಕದಲ್ಲಿ ಒಂದು ಸಣ್ಣ ಉಪಾಯವಿದೆ. ಪ್ರತಿಯೊಂದು ನುಡಿಗಟ್ಟಿನ ಪಕ್ಕದಲ್ಲಿ ಒಂದು ಅಕ್ಷರ: ಇದು ಗಂಭೀರ ಗದ್ಯಕ್ಕೆ, ಇದು ಸಂಭಾಷಣೆಗೆ, ಇದು ಸಲಿಗೆಯವರೊಡನೆ, ಇದು ಬೀದಿಯ ಮಾತು. ನಾಲ್ಕೇ ಗುರುತು. ಕಲಕತ್ತೆಯ ತರುಣನಿಗೆ ಇಲ್ಲದೆ ಹೋದದ್ದು ಈ ನಾಲ್ಕು ಅಕ್ಷರಗಳು.

ಹಾಗೆಂದು ಟೋಕಿಯೋದ ತರಗತಿ ಸ್ವರ್ಗವಾಗಿರಲಿಲ್ಲ. ಮುಂದೆ ಜಪಾನಿನ ಮಹಾಕಾದಂಬರಿಕಾರನಾದ ನಾತ್ಸುಮೆ ಸೋಸೆಕಿ ಅದೇ ಡಿಕ್ಸನ್ನನ ವಿದ್ಯಾರ್ಥಿ. 1914ರ ಒಂದು ಭಾಷಣದಲ್ಲಿ ಅವನು ಆ ದಿನಗಳನ್ನು ನೆನೆದಿದ್ದಾನೆ. ಗಟ್ಟಿಯಾಗಿ ಓದಿಸಿ ಉಚ್ಚಾರಣೆಗೆ ಬೈಯುತ್ತಿದ್ದರಂತೆ. ಪರೀಕ್ಷೆಯಲ್ಲಿ ವರ್ಡ್ಸ್‌ವರ್ತ್ ಹುಟ್ಟಿದ್ದು ಯಾವಾಗ, ಸತ್ತದ್ದು ಯಾವಾಗ ಎಂದು ಕೇಳುತ್ತಿದ್ದರಂತೆ. ಸಾಹಿತ್ಯವೆಂದರೇನೆಂದು ಮಾತ್ರ ಕೊನೆಗೂ ತಿಳಿಯಲಿಲ್ಲವಂತೆ. (ನಮ್ಮ ಪ್ರಶ್ನೆಪತ್ರಿಕೆಗಳನ್ನು ನೆನೆದು ನನಗೆ ತುಸು ನಾಚಿಕೆಯಾಯಿತು.) ಆದರೂ ಒಂದು ವ್ಯತ್ಯಾಸವಿತ್ತು. ಡಿಕ್ಸನ್ನನಿಗೆ ಸಂಬಳ ಕೊಡುತ್ತಿದ್ದುದು ಜಪಾನಿನ ಸರ್ಕಾರ. ಸಂಬಳ ಕೊಡುವವನ ತಪ್ಪಿಗೆ ಯಾರೂ ಗಟ್ಟಿಯಾಗಿ ನಗುವುದಿಲ್ಲ. ನಮ್ಮಲ್ಲಾದರೋ ಸಂಬಳ ಕೊಡುವವನು, ಪಾಠ ಹೇಳುವವನು, ನಗುವವನು ಮೂವರೂ ಒಂದೇ ಕಡೆಯವರು.

ಅದೇ ಡಿಕ್ಸನ್ನನ ಇನ್ನೊಬ್ಬ ಶಿಷ್ಯ ಸೈತೋ ಹಿದೆಸಾಬುರೋ. ಗುರುವಿನ ಪಟ್ಟಿಯನ್ನು ಬಾಯಿಪಾಠ ಮಾಡಿ ಅವನು ತೃಪ್ತನಾಗಲಿಲ್ಲ. ಇಂಗ್ಲಿಷಿನಲ್ಲಿ ಬಿಡಿ ಪದವೆಂಬುದು ಅರ್ಧ ಸತ್ಯ, ಜೊತೆಗೂಡಿದ ಪದಗಳೇ ಪೂರ್ತಿ ಸತ್ಯವೆಂದು ನಂಬಿ, ಜೀವಮಾನವೆಲ್ಲ ಅದನ್ನೇ ಕೂಡಿಸಿದ. ನುಡಿಗಟ್ಟನ್ನೇ ಬುನಾದಿಯಾಗಿಟ್ಟುಕೊಂಡ ಅವನ ಇಂಗ್ಲಿಷ್-ಜಪಾನೀ ನಿಘಂಟು 1915ರಲ್ಲಿ ಬಂತು. ಜಪಾನಿನವರು ತಲೆಮಾರುಗಳ ಕಾಲ ಅದನ್ನು ಬಳಸಿದರು. ಕಲಿತವನೇ ಕಲಿಯುವವರಿಗೆ ಬರೆದದ್ದು ಅದು. ಎಲ್ಲಿ ಕಾಲು ಜಾರುತ್ತದೆಯೆಂಬುದು ಜಾರಿದವನಿಗೇ ಚೆನ್ನಾಗಿ ಗೊತ್ತಲ್ಲವೆ?

ನಮ್ಮ ದೇಶವೂ ಬರಿಗೈಯಲ್ಲಿ ಇರಲಿಲ್ಲ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕೆಲ್ ವೆಸ್ಟ್ ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಪಾಡನ್ನು ವರ್ಷಗಟ್ಟಲೆ ಗಮನಿಸಿದ. ಆ ಅನುಭವದ ಫಲವಾಗಿ 1935ರಲ್ಲಿ ಎಂಡಿಕಟ್ ಎಂಬವನ ಜೊತೆಗೆ ಒಂದು ನಿಘಂಟು ತಂದ. ಕೇವಲ 1,490 ಸರಳ ಪದಗಳಲ್ಲಿ 20,000ಕ್ಕೂ ಹೆಚ್ಚು ಪದಗಳಿಗೆ ಅರ್ಥ. ಅರ್ಥ ಹೇಳಲು ಬಳಸಿದ ಪದಕ್ಕೆ ಮತ್ತೆ ಅರ್ಥ ಹುಡುಕುವ ಶಿಕ್ಷೆ ಆ ಪುಸ್ತಕದಲ್ಲಿಲ್ಲ.

ಆದರೆ ನಮ್ಮ ಮೇಜಿಗೆ ಬಂದು ಕುಳಿತದ್ದು ಮತ್ತೆ ಟೋಕಿಯೋದ ಪುಸ್ತಕವೇ. 1922ರಲ್ಲಿ ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ವಿದ್ವಾಂಸನನ್ನು ಜಪಾನಿನವರು ಕರೆಸಿಕೊಂಡರು. ಮರುವರ್ಷ ಅವನ ನೇತೃತ್ವದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನೆಗೊಂದು ಸಂಸ್ಥೆಯಾಯಿತು. ಯಾವ ಪದ ಯಾವ ಪದದ ಕೈ ಹಿಡಿಯುತ್ತದೆ ಎಂಬುದನ್ನು ಅಲ್ಲಿ ಎಣಿಸಿ ಪಟ್ಟಿ ಮಾಡಿದರು. 1924ರಲ್ಲಿ ಓಯಿತಾ ಎಂಬ ಊರಿಗೆ ಮೇಷ್ಟರಾಗಿ ಬಂದ ಎ. ಎಸ್. ಹಾರ್ನ್‌ಬಿ ಕ್ರಮೇಣ ಈ ಕೆಲಸಕ್ಕೆ ಸೇರಿದ. ಪಾಮರ್ ಊರಿಗೆ ಮರಳಿದ ಮೇಲೆ ಅದನ್ನು ಮುಂದುವರಿಸಿದ. ಗೇಟನ್‌ಬಿ, ವೇಕ್‌ಫೀಲ್ಡ್ ಎಂಬಿಬ್ಬರ ಜೊತೆಗೆ ಅವನು ಸಿದ್ಧಪಡಿಸಿದ ನಿಘಂಟಿನಲ್ಲಿ ಇಂಗ್ಲಿಷ್ ಕ್ರಿಯಾಪದಗಳ ನಡಿಗೆಯನ್ನು 25 ಮಾದರಿಗಳಾಗಿ ವಿಂಗಡಿಸಿದೆ. ‘ನನಗೆ ವಿವರಿಸಿ’ ಎಂಬುದನ್ನು ‘ಎಕ್ಸ್‌ಪ್ಲೇನ್ ಮಿ’ ಎಂದೂ, ‘ನನಗೆ ಸೂಚಿಸಿ’ ಎಂಬುದನ್ನು ‘ಸಜೆಸ್ಟ್ ಮಿ’ ಎಂದೂ ನಾವೆಲ್ಲ ಬರೆಯುತ್ತೇವಲ್ಲ, ಅದು ಏಕೆ ನಡೆಯುವುದಿಲ್ಲವೆಂದು ತೋರಿಸುವ ಕೆಲಸ ಅದು. ಇಂಗ್ಲೆಂಡಿನಲ್ಲಿ ಯಾವ ತಾಯಿಯೂ ತನ್ನ ಮಗುವಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಕೆಲಸ ಮುಗಿಯುವ ಹೊತ್ತಿಗೆ ಕಾಲ ಕೆಟ್ಟಿತು. 1941ರ ಡಿಸೆಂಬರಿನಲ್ಲಿ ಜಪಾನಿಗೂ ಬ್ರಿಟನ್ನಿಗೂ ಯುದ್ಧ ಹತ್ತಿತು. ಹಾರ್ನ್‌ಬಿ ಒಮ್ಮೆಲೇ ಶತ್ರುದೇಶದವನಾಗಿ ಸೆರೆಯಾದ. 1942ರಲ್ಲಿ ಅವನನ್ನು ಸ್ವದೇಶಕ್ಕೆ ಕಳಿಸಿದರು. ಆಶ್ಚರ್ಯವೆಂದರೆ ಅದೇ 1942ರಲ್ಲಿ ಟೋಕಿಯೋದ ಕೈತಾಕುಶಾ ಎಂಬ ಪ್ರಕಾಶಕರು ಆ ನಿಘಂಟನ್ನು ಹೊರತಂದರು. ಸಿಂಗಪುರ ಜಪಾನೀಯರ ವಶವಾದ ವರ್ಷ, ಶತ್ರುವಿನ ಭಾಷೆಯ ನುಡಿಗಟ್ಟುಗಳಿಗೆ ಟೋಕಿಯೋದಲ್ಲಿ ನಿಘಂಟು! ಯುದ್ಧ ಮುಗಿದ ಮೇಲೆ 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯ ಆ ಜಪಾನೀ ಮುದ್ರಣದ ಪುಟಗಳದೇ ಛಾಯಾಪ್ರತಿ ತೆಗೆದು, ಹೊಸ ಹೆಸರಿಟ್ಟು ಪ್ರಕಟಿಸಿತು. ಅದೇ ಮುಂದೆ ‘ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿ’ ಎಂದು ಲೋಕಪ್ರಸಿದ್ಧವಾಯಿತು. ಬೆಂಗಳೂರಿನ, ಧಾರವಾಡದ, ಮೈಸೂರಿನ ಕಾಲೇಜು ಗ್ರಂಥಾಲಯಗಳಲ್ಲಿ ರಟ್ಟು ಕಿತ್ತುಹೋದ ಅದರ ಪ್ರತಿಗಳನ್ನು ಕಾಣದವರು ನಮ್ಮ ತಲೆಮಾರಿನಲ್ಲಿ ಕಡಮೆ. ಆಕ್ಸ್‌ಫರ್ಡಿನಿಂದ ಬಂದದ್ದೆಂಬ ಭಕ್ತಿಯಿಂದ ನಾವು ಅದನ್ನು ತಿರುವಿಹಾಕಿದೆವು. ಎಡವಿ ಎಡವಿ ಅದನ್ನು ಹುಟ್ಟಿಸಿದವರು ಟೋಕಿಯೋದ ಹುಡುಗರೆಂದು ನಮಗೆ ಹೇಳಿದವರಿಲ್ಲ.

ಅದರಲ್ಲಿ ನಾನು ಮೊದಲು ತೆಗೆದು ನೋಡಿದ ಪದ ಯಾವುದೆಂದು ವಾಚಕರು ಊಹಿಸಬಲ್ಲರು. ‘ಪುಟ್ ಅಪ್’ ಎಂದರೆ ತಂಗಲು ಸ್ಥಳ ಕೊಡುವುದು, ತಂಗುವುದು ಎಂಬ ಅರ್ಥವೂ ಅಲ್ಲಿತ್ತು; ಅದಕ್ಕೆ ತುಸು ಕೆಳಗೆ, ‘ವಿತ್’ ಸೇರಿದಾಗ ಸಹಿಸುವುದು. ಎರಡು ಅರ್ಥಗಳೂ ಅಕ್ಕಪಕ್ಕದ ಮನೆಯವು. ನಾನು ತಪ್ಪಿದ್ದು ಒಂದೇ ಬಾಗಿಲಷ್ಟು. ಮಾವನಿಗೆ ಹೇಳಬೇಕೆನಿಸಿತು, ಆಗ ಅವರಿರಲಿಲ್ಲ.

ಕನ್ನಡದ ಮೇಷ್ಟರಾದ ನಾನು ಇಷ್ಟೆಲ್ಲ ಓದಿದ ಮೇಲೆ ನಮ್ಮ ಮನೆಯ ಹೊಸಿಲನ್ನೂ ನೋಡಬೇಕಾಯಿತು. ನಮ್ಮ ಹಳೆಯ ನಿಘಂಟುಗಳು ಹುಟ್ಟಿದ್ದು ಕವಿಗಳಿಗಾಗಿ. ಪದ್ಯಕ್ಕೆ ಬೇಕಾದ ಪರ್ಯಾಯಪದಗಳು ಅಲ್ಲಿ ಹೇರಳ. ‘ಬಾಯಿ ಬಿಟ್ಟ’, ‘ಕಣ್ಣು ಹಾಕಿದ’ ಎಂಬ ಮನೆಮಾತು ಅಲ್ಲಿ ಯಾರಿಗೆ ಬೇಕಿತ್ತು? ಅದು ಬೇಕಾದದ್ದು ಹೊರಗಿನಿಂದ ಬಂದು ಎಡವಿದವರಿಗೆ. ಬಾಸೆಲ್ ಮಿಶನ್ನಿನ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ 21 ವರ್ಷದ ತರುಣನಾಗಿ ಜರ್ಮನಿಯಿಂದ ಬಂದ. 1894ರಲ್ಲಿ ಮಂಗಳೂರಿನಲ್ಲಿ ಅವನ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾದಾಗ ಸುಮಾರು 70,000 ಪದಗಳ ಜೊತೆಗೆ ಗಾದೆಗಳೂ ಮನೆಮಾತಿನ ಪ್ರಯೋಗಗಳೂ ರಾಶಿರಾಶಿಯಾಗಿ ಅದರಲ್ಲಿ ಬಂದು ಸೇರಿದ್ದವು. ಇಂಗ್ಲಿಷರಿಗೆ ಅಪ್, ಆಫ್ ಇದ್ದಂತೆ ನಮಗೆ ‘ಬಿಡು’, ‘ಕೊಳ್ಳು’ ಇವೆ. ‘ಹೇಳಿದ’, ‘ಹೇಳಿಬಿಟ್ಟ’, ‘ಹೇಳಿಕೊಂಡ’ ಇವು ಮೂರೂ ಒಂದೇ ಅಲ್ಲವೆಂದು ನಮಗೆ ತಾಯಿಯ ಹಾಲಿನಲ್ಲಿ ತಿಳಿದಿದೆ. ಹೇಗೆ ಬೇರೆಯೆಂದು ಪರಕೀಯನಿಗೆ ಬಿಡಿಸಿ ಹೇಳುವಾಗ ಎಂ.ಎ. ಪದವಿಯೂ ಬೆವರುತ್ತದೆ.

ನಮ್ಮ ಕಾಲೇಜಿನಲ್ಲಿ ಕನ್ನಡ ಬಾರದವರಿಗೆ ಬಳಕೆ ಕನ್ನಡದ ತರಗತಿಯೊಂದುಂಟು. ಅದು ನನ್ನ ಪಾಲಿಗೆ ಬಂದಿದೆ. ಕಳೆದ ವಾರ ಜಾರ್ಖಂಡದಿಂದ ಬಂದ ಹುಡುಗನೊಬ್ಬ ಎದ್ದು ನಿಂತು ತನ್ನ ಸಂದೇಹ ಹೇಳಿದ. ಹಾಸ್ಟೆಲಿನ ಕನ್ನಡದ ಗೆಳೆಯನೊಬ್ಬ ‘ಅವನು ನನಗೆ ಕೈ ಕೊಟ್ಟ’ ಎಂದು ದುಃಖದಿಂದ ಹೇಳಿದನಂತೆ. ಇಂಗ್ಲಿಷಿನಲ್ಲಿ ಕೈ ಕೊಡುವುದೆಂದರೆ ನೆರವಾಗುವುದು. ಆದ್ದರಿಂದ ಇವನು, ‘ಒಳ್ಳೆಯ ಸ್ನೇಹಿತ, ಅವನನ್ನು ಬಿಡಬೇಡ’ ಎಂದನಂತೆ. ಕನ್ನಡ ಸ್ವಲ್ಪ ತಿಳಿದ ಹಿಂದಿನ ಬೆಂಚಿನವರು ಗೊಳ್ಳೆಂದು ನಕ್ಕರು. ನನ್ನ ತುಟಿಯೂ ಅರಳುತ್ತಿತ್ತು. ತಟ್ಟನೆ ‘ಪುಟಪ್ಪ’ ನೆನಪಾಗಿ, ಹಲಗೆಯ ಕಡೆಗೆ ತಿರುಗಿಕೊಂಡೆ. ಕೈ ಕೊಡು, ಕೈ ಬಿಡು, ಕೈ ಹಿಡಿ, ಕೈ ಮಾಡು, ಎತ್ತಿದ ಕೈ ಎಂದು ಒಂದರ ಕೆಳಗೊಂದು ಬರೆದು ಅರ್ಥ ಹೇಳುತ್ತಾ ಹೋದೆ. ಹುಡುಗ ಎಲ್ಲವನ್ನೂ ಶ್ರದ್ಧೆಯಿಂದ ಬರೆದುಕೊಂಡ. ಆಮೇಲೆ ಪುಸ್ತಕದಿಂದ ತಲೆಯೆತ್ತಿ ಕೇಳಿದ: ‘ಸಾರ್, ಕೈ ಹಿಡಿಯುವುದು ಒಳ್ಳೆಯದು, ಕೈ ಕೊಡುವುದು ಕೆಟ್ಟದ್ದು. ಆದರೆ ಒಬ್ಬರು ಕೊಡದೆ ಇನ್ನೊಬ್ಬರು ಹಿಡಿಯುವುದು ಹೇಗೆ?’

ಹಿಂದಿನ ಬೆಂಚಿನಲ್ಲಿ ಈ ಸಲ ಯಾರೂ ನಗಲಿಲ್ಲ. ಮುಂದಿನ ತರಗತಿಯಲ್ಲಿ ಹೇಳುತ್ತೇನಪ್ಪ ಎಂದು ತಪ್ಪಿಸಿಕೊಂಡು ಬಂದೆ. ಮನೆಗೆ ಬಂದವನೇ ಕಿಟ್ಟೆಲನನ್ನು ತೆಗೆದು, ‘ಕೈ’ ಇರುವ ಪುಟಗಳ ನಡುವೆ ಒಂದು ಬಸ್ಸಿನ ಟಿಕೀಟು ಇಟ್ಟಿದ್ದೇನೆ. ತರಗತಿ ಇರುವುದು ಗುರುವಾರ.